ತೊಟ್ಟಿಲು ಖಾಲಿ, ಪರದೆಯಲ್ಲಿ ನೂರ ನಲವತ್ತೆರಡು

ಬೆಳಗಿನ ಐದೂವರೆ. ಬಟ್ಟೆ ಒಣಗಿಸುವ ಕೋಣೆಯ ಕಿಟಕಿಯಲ್ಲಿ ಬೆಳಕು ಈಗಷ್ಟೇ ಮೂಡುತ್ತಿದೆ. ಮೇಲೆ ತಂತಿಗೆ ನೇತುಹಾಕಿದ ನಿನ್ನೆಯ ಟವೆಲ್ಲುಗಳು, ಕೆಳಗೊಂದು ಮೇಜು, ಅದರ ಮೇಲೆ ಎರಡು ಪರದೆ, ಮುಂದೆ ಶಾಲು ಹೊದ್ದು ಕೂತ ಐವತ್ತೆರಡರ ಹೆಂಗಸು. ಒಂದು ಪರದೆಯ ಮೂಲೆಯಲ್ಲಿ ಅಂಕಿಯೊಂದು ಏರುತ್ತಲೇ ಇದೆ: ಒಂದು ಲಕ್ಷ ಐವತ್ತಾರು ಸಾವಿರದ ಚಿಲ್ಲರೆ. ಅದು ಎರಡು ಲಕ್ಷ ಮುಟ್ಟಬೇಕು, ನಡುವೆ ಎಲ್ಲೂ ನಿಲ್ಲಬಾರದು. ನಿಂತರೆ, ಇವತ್ತು ಹನ್ನೊಂದು ಗಂಟೆಗೆ ಆಸ್ಪತ್ರೆಯವರು ನವಜಾತ ಶಿಶುಗಳ ವಾರ್ಡಿನ ನಲವತ್ತು ಯಂತ್ರಗಳನ್ನೂ ವಾಪಸು ಕಳಿಸುತ್ತಾರೆ. ಅವರ ಬಳಿ ಉಳಿಯುವ ಹಳೆಯ ಯಂತ್ರಗಳು ಹದಿನಾಲ್ಕೇ. ತೊಟ್ಟಿಲುಗಳು ಮಾತ್ರ ನಲವತ್ತು.

ಆ ಯಂತ್ರಗಳನ್ನು ತಯಾರಿಸುವ ಕಂಪನಿಯ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇವರು ‘ತಡಿಯಕ್ಕ’. ಯಾರೇ ಆತುರಬಿದ್ದು "ತಪ್ಪು ಇಲ್ಲೇ ಇದೆ" ಎಂದರೂ "ತಡಿ, ನೋಡೋಣ" ಎನ್ನುವುದು ಇವರ ಜಾಯಮಾನ. ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ಓಡುತ್ತಿರುವ ಯಂತ್ರವನ್ನು ತಡೆದು ನಿಲ್ಲಿಸಿ, ಈಗ ಏನು ಮಾಡುತ್ತಿದ್ದೆ, ಯಾರು ಹೇಳಿದರು, ಕೈಯಲ್ಲಿ ಏನಿದೆ ಎಂದು ವಿಚಾರಿಸುತ್ತಾರೆ.

ವಿಚಾರಣೆಗೆ ಒಳಗಾಗುವುದು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತೀರಾ ಒಳಗಿನ ಭಾಗ. ಗುಂಡಿ ಒತ್ತಿದ್ದು, ತಂತಿ ಕಳಚಿದ್ದು, ಪರದೆಗೆ ಅಂಕಿ ಬರುವುದು ಎಲ್ಲವೂ ಅದರ ಮೂಲಕವೇ ಹಾದುಹೋಗಬೇಕು. ಅದನ್ನೇ ನಿಲ್ಲಿಸಿಬಿಟ್ಟರೆ ಇಡೀ ಕಂಪ್ಯೂಟರ್ ಸ್ತಬ್ಧ. ನಿಲ್ಲಿಸಿದವರು ನೋಡುವುದು ಯಾವುದರಲ್ಲಿ? ಹಾಗಾಗಿ ತಡಿಯಕ್ಕ ಅದನ್ನು ವರ್ಚುವಲ್ ಮಷಿನ್‌ನಲ್ಲಿ ಓಡಿಸುತ್ತಾರೆ. ಅದು ಕಂಪ್ಯೂಟರಿನ ಹೊಟ್ಟೆಯೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ಒಳಗಿನದು ಕೈಕಾಲು ಬಿಟ್ಟರೂ ಹೊರಗಿನದು ಎಚ್ಚರವಾಗಿದ್ದು ಅದರ ನಾಡಿ ಹಿಡಿದು ನೋಡುತ್ತದೆ. ದಿನಕ್ಕೆ ಅರವತ್ತು ಎಪ್ಪತ್ತು ಸಲ ಅದನ್ನು ಕೆಡಿಸಿ ಮತ್ತೆ ಎಬ್ಬಿಸುವುದುಂಟು.

"ಬೇರೆಯವರ ಮನೆ ಸೊಸೆಯರು ಕೆಟ್ಟಿದ್ದನ್ನ ಸರಿ ಮಾಡ್ತಾರೆ. ಇವಳಿಗೆ ಕೆಡಿಸೋದಕ್ಕೇ ಸಂಬಳ" ಎಂದು ಅತ್ತೆ ಬಾಗಿಲಲ್ಲಿ ನಿಂತು ಮೂಗು ಮುರಿಯುತ್ತಾರೆ. ಕಾಫಿ ಲೋಟ ಮಾತ್ರ ಕೀಬೋರ್ಡಿನಿಂದ ಒಂದು ಮೊಳ ದೂರದಲ್ಲೇ ಇಡುತ್ತಾರೆ.

ತಡಿಯಕ್ಕ ಕಂಪ್ಯೂಟರ್ ಓದಿ ಬಂದವರೇನಲ್ಲ. ಹನ್ನೆರಡು ವರ್ಷ ಆಸ್ಪತ್ರೆಗಳಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಿದ್ದರು. ಭಾರ ಎತ್ತಿ ಎತ್ತಿ ಬೆನ್ನು ಕೈಕೊಟ್ಟಿತು. ಏಳು ತಿಂಗಳು ಮಲಗಿದಲ್ಲೇ ಇದ್ದಾಗ ಹೊಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಾವು ರಿಪೇರಿ ಮಾಡುತ್ತಿದ್ದ ಯಂತ್ರಗಳ ಒಳಗೆ ಓಡುವುದೇನು ಎಂದು ಓದಲು ಹತ್ತಿದರು. "ಮೊದಲ ಮೂರು ತಿಂಗಳು ಒಂದಕ್ಷರ ಅರ್ಥ ಆಗ್ಲಿಲ್ಲ. ಎದ್ದು ಹೋಗೋಣ ಅಂದ್ರೆ ಏಳೋಕಾಗ್ತಿರಲಿಲ್ಲವಲ್ಲ, ಅದಕ್ಕೇ ಕಲಿತೆ" ಎಂದು ನಗುತ್ತಾರೆ.

ಈಗಿನ ತಲೆನೋವು ಶುರುವಾದದ್ದು ಶಿಶು ವಾರ್ಡಿನ ಹಿರಿಯ ನರ್ಸ್ ಬರೆದ ಒಂದು ಪತ್ರದಿಂದ. ಪ್ರತಿ ತೊಟ್ಟಿಲ ಪಕ್ಕದಲ್ಲೂ ಮಗುವಿನ ನಾಡಿಬಡಿತ ತೋರಿಸುವ ಒಂದು ಪುಟ್ಟ ಯಂತ್ರವಿದೆ. ತಂತಿಯ ಪಟ್ಟಿ ಮಗುವಿನ ಪಾದಕ್ಕೆ. ಪತ್ರದಲ್ಲಿದ್ದದ್ದು ಇಷ್ಟು: "ಮಗು ನನ್ನ ಕೈಯಲ್ಲಿತ್ತು, ತಂತಿ ಕಳಚಿತ್ತು, ತೊಟ್ಟಿಲು ಖಾಲಿ. ಪರದೆ ಮಾತ್ರ ನೂರ ನಲವತ್ತೆರಡು ಎನ್ನುತ್ತಿತ್ತು. ಹನ್ನೊಂದು ಸೆಕೆಂಡು." ಒಂದು ತಿಂಗಳಲ್ಲಿ ಒಂಬತ್ತು ಸಲ ಹೀಗಾಗಿತ್ತು. ಒಂಬತ್ತಕ್ಕೂ ದಿನಾಂಕ, ಗಂಟೆ, ನಿಮಿಷ ಬರೆದಿದ್ದರು.

ತಡಿಯಕ್ಕ ಆ ಪತ್ರ ಓದಿದರು. ಹನ್ನೊಂದು ಸೆಕೆಂಡಿನ ಲೆಕ್ಕ ಅವರಿಗೆ ಕೂಡಲೇ ಹೊಳೆಯಿತು. ಕರ್ನೆಲ್ ಹತ್ತು ಸೆಕೆಂಡು ಅಲುಗಾಡದಿದ್ದರೆ ಯಂತ್ರದೊಳಗಿನ ಕಾವಲು ಟೈಮರ್ ಅದನ್ನು ಹೊಸದಾಗಿ ಶುರುಮಾಡುತ್ತದೆ. ಶುರುವಾಗಲು ಇನ್ನೊಂದು ಸೆಕೆಂಡು. ಅಷ್ಟು ಹೊತ್ತೂ ಪರದೆಯಲ್ಲಿ ಹಳೆಯ ಅಂಕಿ ಹಾಗೇ ಕೂತಿರುತ್ತದೆ. ಹೊಸದಾಗಿ ಎದ್ದ ಯಂತ್ರಕ್ಕೆ ಹಿಂದಿನದರ ನೆನಪು ಎಳ್ಳಷ್ಟೂ ಇರುವುದಿಲ್ಲ. ಯಾಕೆ ನಿಂತಿತು ಎಂದು ಕೇಳುವುದು ಯಾರನ್ನು?

ಅದಕ್ಕೇ ಅದೇ ಕರ್ನೆಲ್ಲನ್ನು ವರ್ಚುವಲ್ ಮಷಿನ್‌ಗೆ ಹಾಕಿ, ಕಾವಲು ಟೈಮರ್ ತೆಗೆದು, ಬಿದ್ದರೆ ಬಿದ್ದಂತೆಯೇ ಇರಲಿ ಎಂದು ಕಾದರು. ತಂತಿ ಕಳಚಿದರು, ಸಿಕ್ಕಿಸಿದರು, ಗುಂಡಿ ಒತ್ತಿದರು, ಎಲ್ಲವೂ ಸಾಫ್ಟ್‌ವೇರಿನಲ್ಲೇ. ಒಂಬತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಕೂತರೂ ಜಪ್ಪಯ್ಯ ಅಂದರೂ ಅದು ನಿಲ್ಲಲಿಲ್ಲ. ಕೊನೆಗೆ ಆಸ್ಪತ್ರೆಗೆ ‘ದೋಷ ಕಂಡುಬಂದಿಲ್ಲ’ ಎಂದು ಬರೆದರು.

"ಆ ಎರಡು ಪದ ನಂಗೆ ಈಗಲೂ ಚುಚ್ಚುತ್ತೆ. ನನಗೆ ಕಾಣಲಿಲ್ಲ ಅಂತ ಬರೀಬೇಕಿತ್ತು" ಎನ್ನುತ್ತಾರೆ.

ಉತ್ತರ ಓದಿದ ನರ್ಸ್ ಜಗಳಕ್ಕೆ ಬರಲಿಲ್ಲ. ನಲವತ್ತು ಚೀಟಿ ಬರೆದು ನಲವತ್ತು ಯಂತ್ರಗಳಿಗೂ ಅಂಟಿಸಿದರು: ‘ಪರದೆ ನಂಬಬೇಡಿ, ಮಗು ನೋಡಿ.’ ಆ ಚೀಟಿಯ ಫೋಟೊ ಕಚೇರಿ ತಲುಪಿದ ದಿನ ತಡಿಯಕ್ಕ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ವಾರ್ಡಿಗೇ ಹೋದರು.

"ದೋಷ ಇಲ್ಲ ಅಂತ ಬರೆದೋರು ನೀವೇನಾ?" ಎಂದು ನರ್ಸ್ ಕೇಳಿದರು.

"ನಾನೇ ಸಿಸ್ಟರ್. ನೀವು ಕೆಲಸ ಮಾಡಿ, ನಾನು ಸುಮ್ನೆ ನೋಡ್ತೀನಿ."

ಒಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಎರಡು ಗಂಟೆ ನೋಡಿದರು. ಹೊಸ ನರ್ಸ್‌ಗಳು ಮೊದಲು ಪಟ್ಟಿ ಬಿಚ್ಚುತ್ತಾರೆ, ಯಂತ್ರ ಕಿರುಚುತ್ತದೆ, ಆಮೇಲೆ ಗುಂಡಿ ಒತ್ತಿ ಸದ್ದು ನಿಲ್ಲಿಸುತ್ತಾರೆ. ಹಿರಿಯ ನರ್ಸ್ ಹಾಗಲ್ಲ. ಎರಡೂ ಕೈಯಲ್ಲಿ ಮಗು, ಬೆರಳ ತುದಿಯಲ್ಲಿ ಪಟ್ಟಿ. ಅದು ಕಳಚುವ ಗಳಿಗೆಗೇ ಮೊಣಕೈ ಸದ್ದಿನ ಗುಂಡಿಯ ಮೇಲಿರುತ್ತದೆ. ಯಂತ್ರಕ್ಕೆ ಕಿರುಚಲು ಪುರುಸೊತ್ತೇ ಇಲ್ಲ.

"ಪಕ್ಕದ ಕೂಸು ಎದ್ದುಬಿಡುತ್ತಲ್ಲ, ಅದಕ್ಕೆ" ಎಂದರು ನರ್ಸ್, ಇದರಲ್ಲೇನು ವಿಶೇಷ ಎಂಬಂತೆ.

ತಡಿಯಕ್ಕ ಅಲ್ಲೇ ನಾಲಿಗೆ ಕಚ್ಚಿಕೊಂಡರು. ಆ ಪುಟ್ಟ ಯಂತ್ರದಲ್ಲಿ ಪ್ರೊಸೆಸರ್ ಎರಡು. ತಂತಿಯದ್ದನ್ನು ಒಂದು ನೋಡಿಕೊಳ್ಳುವಾಗಲೇ ಗುಂಡಿಯದ್ದನ್ನು ಇನ್ನೊಂದು ನೋಡಿಕೊಳ್ಳಬಲ್ಲದು. ಆದರೆ ತಮ್ಮ ವರ್ಚುವಲ್ ಮಷಿನ್‌ಗೆ ಇವರು ಕೊಟ್ಟಿದ್ದು ಒಂದೇ ಒಂದು. ಒಂದಿದ್ದರೆ ನಿಲ್ಲಿಸಿ ನೋಡುವುದು ಸಲೀಸು. ವರ್ಷಗಟ್ಟಲೆಯ ಅಭ್ಯಾಸ, ಕೈ ತಾನಾಗಿ ಹಾಗೆ ಬರೆದುಬಿಟ್ಟಿತ್ತು.

ಮನೆಗೆ ಬಂದು ಆ ಒಂದನ್ನು ಎರಡು ಮಾಡಿ, ತಂತಿ ಮತ್ತು ಗುಂಡಿ ಒಂದೇ ಗಳಿಗೆಗೆ ಬೀಳುವಂತೆ ಹೊಂದಿಸಿದರು. ನಲವತ್ತಮೂರನೆಯ ಸಲಕ್ಕೆ ಒಳಗಿನ ಯಂತ್ರ ನಿಂತೇಬಿಟ್ಟಿತು. ನಿಂತ ಯಂತ್ರದ ಒಳಗನ್ನು ತೋರಿಸುವ ಡಿಬಗರ್‌ನಲ್ಲಿ ಎರಡೂ ಪ್ರೊಸೆಸರುಗಳು ಎಲ್ಲಿ ನಿಂತಿವೆ ಎಂದು ನೋಡಿದರು. ತಂತಿಯ ಮಾಹಿತಿಗೊಂದು ಕೀಲಿ, ಸದ್ದಿನ ಮಾಹಿತಿಗೊಂದು ಕೀಲಿ, ಕೆಲಸ ಮುಗಿಸಲು ಎರಡೂ ಬೇಕು. ಒಂದು ಪ್ರೊಸೆಸರ್ ತಂತಿಯ ಕೀಲಿ ಹಿಡಿದು ಸದ್ದಿನದಕ್ಕೆ ಕಾಯುತ್ತಿದೆ, ಇನ್ನೊಂದು ಸದ್ದಿನದು ಹಿಡಿದು ತಂತಿಯದಕ್ಕೆ.

"ಅಡುಗೆಮನೆ ಕೀಲಿ ಒಬ್ಬ ಓರಗಿತ್ತಿ ಕೈಲಿ, ಉಗ್ರಾಣದ್ದು ಇನ್ನೊಬ್ಬಳ ಕೈಲಿ. ಇಬ್ಬರೂ ನೀನು ಮೊದಲು ಕೊಡು ಅಂತ ಕೂತಿದ್ರು. ನಾನು ಒಂಬತ್ತು ದಿನ ಒಬ್ಬಳನ್ನೇ ಮನೇಲಿಟ್ಟು, ಜಗಳವೇ ಇಲ್ಲವಲ್ಲ ಅಂತ ಕಾಯ್ತಾ ಇದ್ದೆ" ಎಂದು ತಡಿಯಕ್ಕ ಬಿಡಿಸಿ ಹೇಳುತ್ತಾರೆ.

ತಿದ್ದಿದ್ದು ನಾಲ್ಕೇ ಸಾಲು. ಯಾರೇ ಆಗಲಿ, ಮೊದಲು ತಂತಿಯ ಕೀಲಿ, ಆಮೇಲೆ ಸದ್ದಿನದು. ನಿನ್ನೆ ಮಧ್ಯಾಹ್ನ ಮೂರಕ್ಕೆ ಪರೀಕ್ಷೆ ಶುರುವಾಯಿತು, ತಂತಿ ಗುಂಡಿ ಎರಡೂ ಒಟ್ಟಿಗೆ, ಸೆಕೆಂಡಿಗೆ ಮೂರು ಸಲ. ಎರಡು ಲಕ್ಷವೇ ಯಾಕೆ ಎಂದರೆ, "ಆ ವಾರ್ಡಲ್ಲಿ ಒಂದು ವರ್ಷಕ್ಕೆ ಮಕ್ಕಳನ್ನ ಎತ್ತೋದು ಹತ್ತಿರ ಹತ್ತಿರ ಅಷ್ಟು ಸಲ."

ಒಂಬತ್ತೂವರೆ ದಾಟುತ್ತಿದ್ದಂತೆ ಅಂಕಿ ಎರಡು ಲಕ್ಷ ತಲುಪುತ್ತದೆ. ತಡಿಯಕ್ಕ ತಣ್ಣಗಾದ ಕಾಫಿ ಕುಡಿದು ಚಪ್ಪಲಿ ಮೆಟ್ಟುತ್ತಾರೆ. "ನಿಲ್ಲಲಿಲ್ಲ ತಾನೇ?" ಎಂದು ಅತ್ತೆ ಒಳಗಿನಿಂದ ಕೇಳುತ್ತಾರೆ. ಮೂಗು ಮುರಿದವರೂ ಲೆಕ್ಕ ಇಡುತ್ತಲೇ ಇದ್ದರು ಅನ್ನಿ.

ವಾರ್ಡಿನಲ್ಲಿ ಮುಖ್ಯ ವೈದ್ಯೆ ವರದಿಯ ಹಾಳೆ ತಿರುವಿ, ತೀರ್ಮಾನವನ್ನು ಹಿರಿಯ ನರ್ಸ್‌ಗೇ ಬಿಡುತ್ತಾರೆ. ನರ್ಸ್ ಹಾಳೆ ನೋಡುವುದಿಲ್ಲ. ತಿದ್ದಿದ ಕರ್ನೆಲ್ ಹಾಕಿದ ಯಂತ್ರವನ್ನು ಮುಂದೆ ಎಳೆದು, ಪಟ್ಟಿಯನ್ನು ತಮ್ಮ ಕಿರುಬೆರಳಿಗೇ ಸುತ್ತಿಕೊಳ್ಳುತ್ತಾರೆ. ಪರದೆಯಲ್ಲಿ ಎಪ್ಪತ್ತಾರು. ಪಟ್ಟಿ ಕಳಚುವುದಕ್ಕೂ ಮೊಣಕೈ ಒತ್ತುವುದಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲ. ಎಪ್ಪತ್ತಾರು ಹೋಗಿ, ನಾಡಿ ಸಿಗುತ್ತಿಲ್ಲ ಎನ್ನುವ ಎರಡು ಗೆರೆ ಮೂಡುತ್ತವೆ. ಮತ್ತೆ ಸುತ್ತುತ್ತಾರೆ, ಮತ್ತೆ ಕಳಚುತ್ತಾರೆ. ಐವತ್ತು ಸಲ. ಐವತ್ತು ಸಲವೂ ಎರಡು ಗೆರೆ.

ಆಮೇಲೆ ಅವರು ಉಗುರಿನಿಂದ ಚೀಟಿಯ ಮೂಲೆ ಎಬ್ಬಿಸಿ, ಹರಿಯದ ಹಾಗೆ ನಿಧಾನಕ್ಕೆ ಕಿತ್ತು ತಡಿಯಕ್ಕನ ಅಂಗೈಗೆ ಇಡುತ್ತಾರೆ. "ಉಳಿದವಕ್ಕೂ ಹಾಕಿಬಿಡಿ. ಒಂದೊಂದನ್ನೂ ನಾನು ಹೀಗೇ ನೋಡೇ ನೋಡ್ತೀನಿ" ಎನ್ನುತ್ತಾರೆ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ತಡಿಯಕ್ಕನಿಗೆ ಇನ್ನೇನು ಆಸೆ ಎಂದು ಕೇಳಿದರೆ, ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಡುತ್ತಾ ಹೇಳುತ್ತಾರೆ:

"ಇನ್ನು ಮೂವತ್ತೊಂಬತ್ತು ಇವೆ. ಅವನ್ನೂ ಅವರೇ ಕೀಳಬೇಕು."