ಚಹಾದ ನಂತರ ಫ್ಯಾನು ಬಂದ್

ಗೆಳೆಯರೇ, ಇವತ್ತು ವಿದ್ಯಾನಗರದ ಬ್ಯಾಂಕಿನಲ್ಲಿ ಇಬ್ಬರು ನೌಕರರು ಎ.ಸಿ. ರಿಮೋಟಿಗಾಗಿ ಜಗಳವಾಡಿದರು. ನನಗೆ ಅರವತ್ತರ ದಶಕದ ನಮ್ಮ ಹುಬ್ಬಳ್ಳಿ ಕಚೇರಿ ನೆನಪಾಯಿತು. ಅಲ್ಲಿದ್ದದ್ದು ಒಂದೇ ಫ್ಯಾನು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಪಾಟೀಲರಿಗೆ ಸದಾ ಸೆಕೆ. ಕುಲಕರ್ಣಿಯವರಿಗೆ ಮೇ ತಿಂಗಳಲ್ಲೂ ಮಫ್ಲರ್ ಬೇಕು.

“ನಿಮಗ ಥಂಡಿ ಆದ್ರ ಸ್ವೆಟರ್ ಹಾಕ್ಕೋತೀರಿ. ನಾ ಏನು ಚರ್ಮಾ ತಗದಿಡ್ಲೇನ್ರಿ?” ಎನ್ನುತ್ತಿದ್ದರು ಪಾಟೀಲರು.

“ಗಾಳಿ ಬೇಕಂದ್ರ ಉಣಕಲ್ ಕೆರಿ ದಂಡಿಗೆ ಹೋಗಿ ಕೂಡ್ರಿ!” ಎನ್ನುತ್ತಿದ್ದರು ಕುಲಕರ್ಣಿ.

ಕೊನೆಗೆ ಇಬ್ಬರೂ ಒಪ್ಪಿದರು: ಮಧ್ಯಾಹ್ನದ ಚಹಾದವರೆಗೆ ಫ್ಯಾನು, ಆಮೇಲೆ ಬಂದ್.

ಕುಲಕರ್ಣಿಯವರು ನಿವೃತ್ತರಾದ ಮರುದಿನ, ಚಹಾ ಮುಗಿಸಿದ ಪಾಟೀಲರು ತಾವೇ ಎದ್ದು ಫ್ಯಾನು ಆರಿಸಿದರು.

“ಇನ್ನ ಯಾಕ್ರೀ?” ಎಂದೆ.

ಖಾಲಿ ಕುರ್ಚಿಯತ್ತ ನೋಡಿ, “ಕೊಟ್ಟ ಮಾತಂದ್ರ ಮಾತು ರೀ,” ಎಂದರು.

ಮಾರನೆಯ ದಿನ ಅವರು ಮನೆಯಿಂದ ಬೀಸಣಿಕೆ ತಂದರು. ಚಹಾದ ನಂತರ ಫ್ಯಾನು ಆರಿಸಿ ಅದನ್ನೇ ಬೀಸಿಕೊಂಡರು; ಸ್ವಿಚ್ಚು ಮಾತ್ರ ಮತ್ತೆ ಮುಟ್ಟಲಿಲ್ಲ.