ಸಬ್ಬೆ ಏಣಿ ಇಳಿಯಲಿಲ್ಲ

ಈ ಲೋಕದಲ್ಲಿ ಅಲುಗದೆ ನಿಂತಿರುವುದು ಯಾವುದು ಎಂದು ಕೇಳಿದರೆ ಬೇರೆ ಊರಿನವರು ಧ್ರುವ ನಕ್ಷತ್ರ ತೋರಿಸುತ್ತಾರೆ, ಬೆಟ್ಟ ತೋರಿಸುತ್ತಾರೆ. ನಮ್ಮ ಲಂಪೆ ದ್ವೀಪದವರು ಅನ್ನಕ್ಕಿಟ್ಟ ಸಬ್ಬೆಯನ್ನು ತೋರಿಸುತ್ತೇವೆ. ಎಲ್ಲರ ಮನೆಯಂತೆ ಅವಳದೂ ಆಳೆತ್ತರದ ಮರದ ಕಂಬಗಳ ಮೇಲೆ ನಿಂತ ಮನೆ; ಹತ್ತಿ ಇಳಿಯಲು ಏಣಿ. ಒಲೆಯ ಮೇಲೆ ಪಾತ್ರೆ ಕೂತಿತೋ, ಮುಗಿಯಿತು, ಸಬ್ಬೆ ಆ ಏಣಿ ಇಳಿಯುವುದಿಲ್ಲ. ಭೂಕಂಪವಾದಾಗ ಇಡೀ ಊರು ಉಟ್ಟ ಲುಂಗಿಯಲ್ಲೇ ಬಯಲಿಗೆ ಓಡಿತು. ಸಬ್ಬೆ ಮಾತ್ರ ಕಿಟಕಿಯಿಂದ ತಲೆ ಹಾಕಿ, "ಸ್ವಲ್ಪ ಮೆಲ್ಲಗೆ, ಗಂಜಿ ಚೆಲ್ಲುತ್ತೆ" ಎಂದು ಭೂಮಿಯನ್ನು ಗದರಿದಳಂತೆ. ಭೂಮಿ ನಾಚಿ ನಿಂತಿತಂತೆ. ಇದನ್ನು ನಾನು ಕಂಡವನಲ್ಲ, ಓಡಿದವರಲ್ಲಿ ಮೊದಲಿಗನಾಗಿದ್ದೆ. ಆದರೆ ಪಟ್ಟಣದಿಂದ ಬಂದ ಅಧಿಕಾರಿಯೊಬ್ಬರು ಏಣಿಯ ಬುಡದಲ್ಲಿ ನಿಂತು, ಅನ್ನ ಬೇಯುವ ತನಕ ಮೇಲೆ ನೋಡುತ್ತಲೇ ಮಾತಾಡಿ, ಕತ್ತು ಉಳುಕಿ, ಆಕಾಶ ನೋಡುತ್ತಲೇ ದೋಣಿ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಂಥ ಹೆಂಗಸಿಗೆ "ಜಾಗ ಖಾಲಿ ಮಾಡು" ಎಂದು ಹೇಳುವ ಎದೆಗಾರಿಕೆ ನಮ್ಮಲ್ಲಿ ಒಬ್ಬರಿಗೆ ಮಾತ್ರ ಇತ್ತು. ಅವರು ಹಾಜಿ ಬೆದ್ದು, ಅವಳ ತೀರಿಕೊಂಡ ಗಂಡನ ಅಣ್ಣ. ಸಬ್ಬೆಯ ಮನೆ ಸಬ್ಬೆಯದೇ. ಅವಳ ಗಂಡ ಕಡಲಾಚೆಯಿಂದ ಮರ ತಂದು ಕಟ್ಟಿದ್ದು. ಆದರೆ ಮನೆಯ ಕೆಳಗಿನ ನೆಲ ಹಾಜಿಯದು. ಆ ತಮ್ಮ ಬದುಕಿದ್ದಷ್ಟು ದಿನ ಯಾರ ನೆಲ, ಯಾರ ಕಂಬ ಎಂದು ಯಾರೂ ಕೇಳಿರಲಿಲ್ಲ. ಈಗ ಹೊರಗಿನ ಜನ ದೋಣಿ ಹತ್ತಿ ನಮ್ಮ ಮರಳನ್ನು ನೋಡಲು ಬರತೊಡಗಿದ್ದರು. ಮರಳಿನಲ್ಲಿ ನೋಡುವಂಥದ್ದು ಏನಿದೆಯೋ ದೇವರೇ ಬಲ್ಲ. ಹಾಜಿ ಕಡಲ ಕಡೆಗೆ ಮುಖ ಮಾಡಿ ಒಂದು ಅತಿಥಿಗೃಹ ಕಟ್ಟಿಸಿ, 'ಸಾಗರ ನೋಟ' ಎಂದು ಬೋರ್ಡು ಬರೆಸಿದರು. ಅದರ ಹಿಂಬದಿಯಲ್ಲಿದ್ದ ಸಬ್ಬೆಯ ಜಾಗ ಅಡುಗೆಮನೆಗೆ ಬೇಕಾಯಿತು.

"ಉಪವಾಸದ ಚಂದ್ರ ಕಾಣೋದ್ರೊಳಗೆ ಮನೆ ತೆಗೀಬೇಕು ಸಬ್ಬೆ," ಎಂದರು ಏಣಿಯ ಕೆಳಗೆ ನಿಂತು. "ತೆಗೀದಿದ್ರೆ ಬಿಚ್ಚಿಸ್ತೀನಿ. ಮರ ನನ್ನ ಅಡುಗೆಮನೆಗೆ ಆಗುತ್ತೆ. ನೀನು ಗುಡ್ಡದ ಮೇಲೆ ನಿನ್ನ ತಂಗಿ ಮನೇಲಿರು."

"ಮರ ನಿಮ್ಮ ಅಡುಗೆಮನೆಗೆ, ನಾನು ತಂಗಿ ಮೂಲೆಗೆ. ಎಲ್ಲಾ ಜೋಡಿಸಿಟ್ಟಿದ್ದೀರ ಭಾವ," ಎಂದಳು ಸಬ್ಬೆ ಮೇಲಿಂದ. "ಮನೆ ಬಿಚ್ಚೋದು ಬೇಡ. ಎತ್ತಿಸ್ತೀನಿ."

ನಮ್ಮಲ್ಲಿ ಮನೆಯೂ ಪ್ರಯಾಣ ಮಾಡುತ್ತದೆ. ಕಂಬಗಳಿಗೆ ಅಡ್ಡಡ್ಡ ಬಿದಿರು ಕಟ್ಟಿ, ಊರಿನ ಗಂಡಸರೆಲ್ಲ ಹೆಗಲು ಕೊಟ್ಟು, ಇಡೀ ಮನೆಯನ್ನು ಹೊತ್ತು ಬೇರೆ ಕಡೆ ಇಡುತ್ತೇವೆ. ಕಟ್ಟಳೆ ಎರಡೇ. ಮಸೀದಿಯಲ್ಲಿ ಕರೆ ಕೊಟ್ಟ ಮೇಲೆ ಯಾವ ಗಂಡಸೂ ಹಿಂದೆ ನಿಲ್ಲುವಂತಿಲ್ಲ. ನಿಂತವನ ಮನೆಗೆ ಮುಂದೆ ಯಾರೂ ಹೆಗಲು ಕೊಡುವುದಿಲ್ಲ. ಇನ್ನೊಂದು, ದಾರಿಯಲ್ಲಿ ಮನೆ ಇಳಿಸುವಂತಿಲ್ಲ. ಕಂಬ ಎಲ್ಲಿ ನೆಲ ಮುಟ್ಟಿತೋ ಅದೇ ಮನೆಯ ಜಾಗ. ನೆಲ ಯಾರದೇ ಆಗಿರಲಿ, ಒಂದು ಮಳೆಗಾಲ ಕಳೆಯುವ ತನಕ ಅದನ್ನು ಎಬ್ಬಿಸಬಾರದು.

ಶುಕ್ರವಾರದ ನಮಾಜು ಮುಗಿಸಿ ಎಲ್ಲರೂ ಸೇರಿದೆವು. ಮನೆಯನ್ನು ಗುಡ್ಡಕ್ಕೆ ಹೊರಬೇಕಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆವು. ಗುಡ್ಡಕ್ಕೆ ಎಂದು ಸಬ್ಬೆ ಹೇಳಿರಲಿಲ್ಲ. ಎಲ್ಲಿಗೆ ಎಂದು ನಾವೂ ಕೇಳಿರಲಿಲ್ಲ. ಹಾಜಿ ಎಲ್ಲರಿಗಿಂತ ಮೊದಲೇ ಬಂದು, ಅಂಗಿಯ ತೋಳು ಮಡಚಿ, ಬಿದಿರು ಗಟ್ಟಿಯಾಗಿದೆಯೇ ಎಂದು ತಟ್ಟಿ ನೋಡುತ್ತಿದ್ದರು.

"ಸಬ್ಬೆ, ಕೆಳಗಿಳಿ," ಎಂದು ಕೂಗಿದ ಮನೆ ಕಟ್ಟುವ ಹಿರಿಯ ಲಾ ಮಸ್ಸೆ.

"ಹೊತ್ತ ಮೇಲೆ ನಿಮಗೆಲ್ಲ ಊಟ ಬೇಡ್ವಾ? ಅನ್ನ ಒಲೆ ಮೇಲಿದೆ."

"ಒಲೆ ಉರೀತಿರೋ ಮನೆ ಹೊರೋದೇನೆ? ನಮ್ಮನ್ನೂ ಬೇಯಿಸ್ತೀಯಾ?"

"ನೀನು ಬೆಂದ್ರೂ ಯಾರೂ ತಿನ್ನಲ್ಲ, ಮುದಿಯಾ. ಕೆಂಡ ಮಾತ್ರ ಇದೆ, ಮುಚ್ಚಿದ್ದೀನಿ. ಎತ್ತು."

ಹೊರುವವರಿಗೆ ದಾರಿ ಕಾಣುವುದಿಲ್ಲ. ತಲೆಯ ಮೇಲೆ ಮನೆಯ ತಳ, ಕಣ್ಣ ಮುಂದೆ ಮುಂದಿನವನ ಬೆನ್ನು, ಕೆಳಗೆ ತನ್ನದೇ ಕಾಲು. ಅದಕ್ಕೇ ಒಬ್ಬರು ಮೇಲೆ ಕಿಟಕಿಯಲ್ಲಿ ಕೂತು ಎಡ ಬಲ ಕೂಗುತ್ತಾರೆ. ಅದು ಲಾ ಮಸ್ಸೆಯ ಕೆಲಸ, ಆದರೆ ಅವನ ಸೊಂಟ ಏಣಿ ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

"ನಾನು ಹತ್ತಿ ಕೂಗ್ತೀನಿ," ಎಂದು ಹಾಜಿ ಏಣಿಗೆ ಕೈ ಹಾಕಿದರು.

"ಮನೆ ನನ್ನದು, ಬಾಯೂ ನನ್ನದು," ಎಂದಳು ಸಬ್ಬೆ.

"ಹೆಂಗಸು ಕೂಗೋದಾ? ಎಲ್ಲಾದ್ರೂ ಉಂಟಾ?"

ಲಾ ಮಸ್ಸೆ ತಲೆ ಕೆರೆದುಕೊಂಡ. "ಮೇಲಿರೋರು ಕೂಗ್ಬೇಕು ಅಂತ ಇದೆ. ಮೇಲಿರೋದು ಅವಳು. ಹಾಜಿ, ನಿಮ್ಮ ಹೆಗಲು ಗಟ್ಟಿ ಇದೆ, ಮುಂದಿನ ಬಿದಿರಿಗೆ ಕೊಡಿ."

ಹೀಗೆ ಹಾಜಿ ಮುಂದಿನಿಂದ ಎರಡನೆಯ ಸಾಲಿನಲ್ಲಿ, ಅವರ ಬೆನ್ನ ಹಿಂದೆ ನಾನು. ಏಣಿ ಬಿಚ್ಚಿ ಒಳಗಿಟ್ಟರು. "ಎತ್ತಿ!" ಎಂದಳು ಸಬ್ಬೆ. ಮನೆ ನರಳಿತು, ನಾವು ನರಳಿದೆವು, ಕಂಬಗಳು ನೆಲ ಬಿಟ್ಟವು. ಮೇಲೆ ಒಂದು ಮುಚ್ಚಳ ಮಾತ್ರ ಟಣ್ ಎಂದಿತು. ನಮ್ಮೂರ ಗಂಡಸರು ದುಡಿಯಲು ಮಲೇಷ್ಯಾಕ್ಕೆ ಹೋದವರು, ಪಾಪುವಾಕ್ಕೆ ಹೋದವರು. ಆದರೆ ಸೌಟು ಹಿಡಿದು, ಒಲೆಯ ಮುಂದೆ ಕೂತು, ಊರ ಹೆಗಲೇರಿ ಹೊರಟ ಮಹಾರಾಣಿ ಇವಳೊಬ್ಬಳೇ.

"ನೇರ... ನೇರ... ಬಲಕ್ಕೆ!"

ಗುಡ್ಡ ಎಡಕ್ಕಿತ್ತು. ಹಲಸಿನ ಕೊಂಬೆ ತಪ್ಪಿಸಲು ಇರಬೇಕು ಎಂದುಕೊಂಡೆ. "ಇನ್ನೂ ಬಲಕ್ಕೆ!" ಮನೆ ಹೊತ್ತವನಿಗೆ ತಲೆ ಇರುವುದಿಲ್ಲ, ಬರೀ ಕುತ್ತಿಗೆ. ಹೋದೆವು. ಹಿಂದೆ ಬರುತ್ತಿದ್ದ ಹೆಂಗಸರು ಮೊದಲು ಕಿಸಕ್ಕೆಂದರು, ಆಮೇಲೆ ಬಾಯಿಬಿಟ್ಟೇ ನಕ್ಕರು. ಗಂಡಸರ ಏದುಸಿರಿಗೆ ನಗುತ್ತಿದ್ದಾರೆ ಎಂದು ನಮಗೆ ಸಿಟ್ಟು ಬಂತು.

ಕಾಲಿಗೆ ಮರಳು ಸಿಕ್ಕಿತು.

"ಮರಳು!" ಎಂದರು ಹಾಜಿ. "ಗುಡ್ಡದಲ್ಲಿ ಎಲ್ಲಿ ಬಂತು ಮರಳು?"

"ಗುಡ್ಡ ಯಾರಂದ್ರು ಭಾವ? ಹೆಜ್ಜೆ ಹಾಕಿ."

ಹಾಜಿ ಬಗ್ಗಿ, ಮುಂದಿನವನ ಕಂಕುಳ ಸಂದಿನಿಂದ ನೋಡಿದರು. ಹೊಸದಾಗಿ ಸುಣ್ಣ ಬಳಿದ ಮೆಟ್ಟಿಲು, ಕುಂಡದಲ್ಲಿ ಹೂಗಿಡ. ನಾವು ಸಾಗರ ನೋಟದ ಅಂಗಳದ ನಟ್ಟನಡುವೆ ನಿಂತಿದ್ದೆವು. ಅಂಗಳ ದಾಟಿದರೆ ಮೂರು ತೆಂಗಿನ ಮರ, ಅದರಾಚೆ ಕಡಲು. ಆ ತೆಂಗು ನೆಟ್ಟವಳು ಸಬ್ಬೆಯ ತಾಯಿ. ನಮ್ಮಲ್ಲಿ ತೆಂಗು ಯಾರದೋ ಬುಡದ ನೆಲವೂ ಅವರದೇ. ಇದು ಇಡೀ ಊರಿಗೆ ಗೊತ್ತಿತ್ತು, ಹಾಜಿಗೂ ಗೊತ್ತಿತ್ತು. ಉಪ್ಪುಗಾಳಿಗೆ ಎದೆ ಕೊಟ್ಟು ಅಲ್ಲಿ ಯಾರಾದರೂ ಮನೆ ಇಡುತ್ತಾರೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಇಳಿಸ್ರೋ!" ಎಂದು ಹಾಜಿ ಅರಚಿದರು. "ಇಳಿಸಿ! ಇಲ್ಲೇ ಇಳಿಸಿ!"

ನಮ್ಮ ಮೊಣಕಾಲುಗಳು ಈ ಮಾತಿಗೇ ಕಾದಿದ್ದವು. ಮನೆ ಕುಸಿಯತೊಡಗಿತು. ಆಗ ಮನೆಯ ಮುಂದೆ ನಡೆಯುತ್ತಿದ್ದ ಲಾ ಮಸ್ಸೆಯ ದನಿ ಬಂತು, ಬಾಯಿಯಲ್ಲಿ ಎಲೆಯಡಿಕೆ ಇಟ್ಟುಕೊಂಡ ನಿಧಾನದ ದನಿ.

"ಇಳಿಸ್ಬೋದು ಹಾಜಿ. ಆದ್ರೆ ಕಂಬ ಮುಟ್ಟಿದ ಕಡೆ ಮನೆ. ಇದು ನಿಮ್ಮಂಗಳ. ಮುಂದಿನ ಮಳೆಗಾಲ ಮುಗಿಯೋತನಕ ನಿಮ್ಮ ಮೆಟ್ಟಿಲ ಮೇಲೇ ಇರ್ತಾಳೆ."

ಹಾಜಿಯ ಕುತ್ತಿಗೆ ನನ್ನ ಮೂಗಿನ ಮುಂದೇ ಇತ್ತು. ಅದು ಕೆಂಪಾಗಿ, ಆಮೇಲೆ ನೇರಳೆಯಾದದ್ದನ್ನು ನೋಡಿದೆ.

"ನಾನಂತೂ ಎಲ್ಲಾದ್ರೂ ಸರಿ," ಎಂದಳು ಸಬ್ಬೆ ಮೇಲಿಂದ. "ಬೇಗ ಹೇಳಿ ಭಾವ, ಅನ್ನ ಒಂದೇ ಕಡೆ ವಾಲ್ತಿದೆ."

"ಎತ್ತಿ!" ಎಂದು ಹಾಜಿ ಬೊಬ್ಬೆ ಹೊಡೆದರು. "ಯಾವನೂ ಇಳಿಸ್ಬೇಡಿ! ಎತ್ರೋ ಸೋಮಾರಿಗಳಾ! ಮುಂದೆ ನಡೀರಿ, ಮುಂದೆ!"

ಆ ದಿನ ಹಾಜಿ ಹೊತ್ತಂತೆ ನಮ್ಮ ದ್ವೀಪದಲ್ಲಿ ಯಾರೂ ಮನೆ ಹೊತ್ತಿಲ್ಲ. ಅವರೊಬ್ಬರೇ ಎಳೆದುಕೊಂಡು ಹೋದರು, ನಾವು ಅವರ ಹಿಂದೆ ತೇಲಿದೆವು. ತೆಂಗಿನ ಮರಗಳ ನಡುವೆ ಮನೆ ಇಳಿಯಿತು. ಸಬ್ಬೆಯ ಬಚ್ಚಲು ಸಾಗರ ನೋಟದ ದೊಡ್ಡ ಕಿಟಕಿಗೆ ನೇರ ಎದುರು.

"ಇದು ದ್ರೋಹ!" ಎಂದರು ಹಾಜಿ, ಮರಳಿನ ಮೇಲೆ ಕೂತು. "ನನ್ನ ಮುಂದೆ ಯಾಕೆ ಬಂದೆ?"

"ನನ್ನಮ್ಮನ ನೆಲದಲ್ಲಿ ಕೂತಿದ್ದೀನಿ. ನಿಮ್ಮ ಬೋರ್ಡು ನನ್ನ ತೆಂಗಿನ ಮರಕ್ಕೆ ಹೊಡೆದಿದ್ದೀರ. ನಾನೇನಾದ್ರೂ ಅಂದ್ನಾ?" ಎಂದಳು ಸಬ್ಬೆ ಕಿಟಕಿಯಿಂದ. "ಕೈ ತೊಳ್ಕೊಳ್ಳಿ. ಅನ್ನ ಆಗಿದೆ."

ಮನೆ ಹೊತ್ತವನು ಉಣ್ಣದೆ ಹೋಗುವಂತಿಲ್ಲ. ಹುಳಿ ಮೀನಿನ ಸಾರು, ಬಾಳೆಲೆಯಲ್ಲಿ ಬೇಯಿಸಿದ ಬಾಳೆಹಣ್ಣಿನ ಕಡುಬು. ಹಾಜಿ ಮುಖ ಆಚೆ ತಿರುಗಿಸಿ ಕೂತು, ಎರಡು ಸಲ ಬಡಿಸಿಕೊಂಡರು.

ಈಗ ಸಾಗರ ನೋಟದ ಅತಿಥಿಗಳು ಬೆಳಿಗ್ಗೆ ಕಿಟಕಿ ತೆರೆದು ಸಬ್ಬೆಯ ಒದ್ದೆ ಲಂಗಗಳನ್ನು ನೋಡುತ್ತಾರೆ. ಕೆಲವರು ಫೋಟೋ ತೆಗೆಯುತ್ತಾರೆ. ಊರಿನಲ್ಲಿ ಈ ಕಥೆ ದಿನಕ್ಕೊಂದು ಸುತ್ತು ದಪ್ಪವಾಗುತ್ತಿದೆ. ಅವಳು ವರ್ಷಗಟ್ಟಲೆ ಕೂತು ಹೂಡಿದ ತಂತ್ರ ಎನ್ನುತ್ತಾರೆ ಕೆಲವರು. ಹಳೆಯ ಸೇನಾಪತಿಗಳ ಆತ್ಮ ಅವಳ ಮೈಮೇಲೆ ಬಂದಿತ್ತು ಎಂದವನು ನಾನೇ. ಆದರೂ ಒಂದು ಸಂಜೆ ಹೋಗಿ, ಏಣಿಯ ಕೆಳಗೆ ನಿಂತು ಕೇಳಿಯೇಬಿಟ್ಟೆ.

"ಸಬ್ಬೆಕ್ಕ, ನಿಜ ಹೇಳು. ಹಾಜಿಗೆ ಬುದ್ಧಿ ಕಲಿಸೋಕೆ ಈ ಜಾಗಾನೇ ಬೇಕು ಅಂತ ಯಾವಾಗ ತೀರ್ಮಾನ ಮಾಡಿದ್ದೆ?"

ಅವಳು ಮೀನು ಹೆರೆಯುವುದನ್ನು ನಿಲ್ಲಿಸದೆಯೇ ಹೇಳಿದಳು:

"ಬುದ್ಧಿ ಎಂಥದ್ದೋ? ಮಂಡಿ ನೋವು. ಗುಡ್ಡ ಹತ್ತೋಕಾಗಲ್ಲ."