ತಾಯಿಯ ವಾರದ ಸೂಜಿ

ನೀವು ಇದನ್ನು ನಂಬುವುದಿಲ್ಲ. ನಮ್ಮ ಬೈರಕೂರಿನಲ್ಲಿ ನನ್ನ ಮಾತಿನಲ್ಲಿ ಅರ್ಧ ತಳ್ಳಿಯೇ ಕೇಳುತ್ತಾರೆ. ನೀವೂ ಅರ್ಧ ತಳ್ಳಿ, ಉಳಿದರ್ಧದಲ್ಲೇ ಗಂಗಮ್ಮ ತಾಯಿಯ ದಯೆ ಎಷ್ಟೆಂದು ಗೊತ್ತಾಗುತ್ತದೆ.

ನಮ್ಮಕ್ಕನಿಗೆ ಮೂರು ಸಲ ಗರ್ಭ ನಿಂತು, ಮೂರು ಸಲವೂ ಹೋಗಿತ್ತು. ನಾಲ್ಕನೆಯದು ನಿಂತಾಗ ಮನೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ. ಅಕ್ಕ ತನ್ನ ಹೊಟ್ಟೆಯನ್ನೇ ಮುಟ್ಟಿಕೊಳ್ಳುತ್ತಿರಲಿಲ್ಲ. ಮತ್ತೆ ರಕ್ತ ಕಂಡರೆ ಎಂದು ಬಚ್ಚಲಿಗೆ ಹೋಗಲೂ ಹೆದರುತ್ತಿದ್ದಳು. ನಾನು ಬಾಗಿಲ ಹೊರಗೆ ಸಿಳ್ಳೆ ಹೊಡೆದು, ಪಿ.ಟಿ. ಮೇಷ್ಟ್ರ ಹಾಗೆ ಸಾವಧಾನ್, ವಿಶ್ರಾಮ್ ಎಂದು ಕೂಗುತ್ತಿದ್ದೆ. ಒಳಗಿನಿಂದ ನಗು ಕೇಳಿದರೆ ಏನೂ ಆಗಿಲ್ಲ ಎಂದರ್ಥ. ಕೇಳದಿದ್ದರೆ ಇನ್ನೂ ಜೋರಾಗಿ ಸಿಳ್ಳೆ ಹೊಡೆಯುತ್ತಿದ್ದೆ.

ಕೋಲಾರದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಅಕ್ಕನ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೊಟ್ಟೆಯೊಳಗೆ ಮಗುವನ್ನು ಸಾಕುವ ಮಾಸಿಗೆ ಸರಿಯಾಗಿ ಹರಿಯುವುದಿಲ್ಲ, ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್ ಬೇಕು ಎಂದರು. ಮಾವಿನ ಕುಕ್ಕೆ ಎತ್ತಿದ್ದಕ್ಕೇ ಹೀಗಾಯಿತೇನೋ ಎಂದು ಅಕ್ಕ ತಲೆ ತಗ್ಗಿಸಿದಳು. ಡಾಕ್ಟರಮ್ಮ ತಡೆದರು.

"ನೀವು ಮಾಡಿದ್ದರಿಂದ ಏನೂ ಆಗಿಲ್ಲಮ್ಮ. ನಿಮ್ಮ ಭಯಕ್ಕೂ ಆರೈಕೆ ಬೇಕು, ಅದನ್ನೂ ನನ್ನ ಹತ್ರ ಹೇಳ್ಕೊಳ್ಳಿ."

ಆ ಸೂಜಿ ಗೇಣುದ್ದ ಇದೆಯೆಂದು ಊರಿಗೆಲ್ಲ ಹೇಳಿದ್ದೇನೆ. ಅಸಲಿಗೆ ಜಾಲಿಮುಳ್ಳಿಗಿಂತ ಚಿಕ್ಕದು.

ಮನೆಗೆ ಬಂದರೆ ಅಮ್ಮನದೇ ಬೇರೆ ತಕರಾರು. ಮಂಗಳವಾರ, ಶುಕ್ರವಾರ ತಾಯಿಯ ವಾರ, ಮಗುವಿಗಾಗಿ ತಾಯಿಗೆ ಹರಕೆ ಹೊತ್ತ ಮೈಯಲ್ಲಿ ಅವತ್ತು ರಕ್ತ ಕಾಣಬಾರದು, ಆ ದಿನ ಸೂಜಿ ಬೇಡ ಎಂದಳು. ಅಕ್ಕ ಒಪ್ಪಿಕೊಂಡಳು. ಚುಚ್ಚಿಕೊಂಡರೆ ತಾಯಿಯ ಭಯ, ಬಿಟ್ಟರೆ ರಕ್ತದ ಭಯ.

ಒಂದು ಶುಕ್ರವಾರ ಎಷ್ಟು ಸಿಳ್ಳೆ ಹೊಡೆದರೂ ಬಚ್ಚಲಿನಿಂದ ನಗು ಬರಲಿಲ್ಲ. ಹೊರಗೆ ಬಂದ ಅಕ್ಕನ ಮುಖ ಬೂದಿಯಾಗಿತ್ತು. ಒಂದೇ ಚುಕ್ಕೆ ರಕ್ತವಂತೆ. ಫೋನ್ ಮಾಡಿದೆವು. ಒಂದು ದಿನವೂ ಇಂಜೆಕ್ಷನ್ ಬಿಡಬೇಡಿ, ಮೊದಲು ಅದನ್ನು ಚುಚ್ಚಿಕೊಂಡು ಆಮೇಲೆ ಇಲ್ಲಿಗೆ ಬನ್ನಿ ಎಂದರು ಡಾಕ್ಟರಮ್ಮ. ಅಮ್ಮ ಜಗ್ಗಲಿಲ್ಲ.

ಅಮ್ಮನ ಕೈ ಹಿಡಿದು ಕೆರೆ ಏರಿಯ ಮೇಲಿನ ಗಂಗಮ್ಮನ ಗುಡಿಗೆ ಎಳೆದುಕೊಂಡು ಓಡಿದೆ. ನಮ್ಮಲ್ಲಿ ಏನಾದರೂ ಕೇಳುವುದಿದ್ದರೆ ಪೂಜಾರಪ್ಪ ತಾಯಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಗಾಳಿಗೆ ಬಿತ್ತು ಎಂದು ಆಮೇಲೆ ಯಾರೂ ತಗಾದೆ ತೆಗೆಯದಿರಲೆಂದು ಮೊದಲೇ ಫ್ಯಾನ್ ಆರಿಸಿ, ನಾನೇ ಕೇಳಿದೆ.

"ತಾಯೀ, ನಿನ್ ವಾರಾನೂ ಅಕ್ಕ ಸೂಜಿ ಚುಚ್ಕೋಬಹುದಾ?"

ಎಡಗಡೆಯ ಎಸಳು ಅಲುಗಿದಂತೆ ಕಂಡಿತು. ಆಗ ಬಲಗಡೆಯ ಹೂವು ಹಾರಿ ಬಂದು ನನ್ನ ಮೂಗಿಗೇ ಬಡಿಯಿತು. ಸರಿ, ಹಾರಲಿಲ್ಲ, ಬಿತ್ತು. ಆದರೆ ಬಲಗಡೆಯದೇ.

ಅಮ್ಮ ಮನೆಗೆ ಬಂದವಳೇ ಸೂಜಿ ತಂದು ಅಕ್ಕನ ಕೈಗಿಟ್ಟಳು.

"ತಗೋ ಕಣೇ. ಆಯಮ್ಮನೇ ಒಪ್ಕೊಂಡವ್ಳೆ."

ಅವತ್ತೇ ಕೋಲಾರಕ್ಕೆ ಹೋಗಿ ತೋರಿಸಿದೆವು, ಮಗು ಚೆನ್ನಾಗಿತ್ತು. ಅವತ್ತಿನಿಂದ ಸೂಜಿ ಒಂದು ದಿನವೂ ತಪ್ಪಲಿಲ್ಲ. ಎಂಟು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ, ಮಗು ಅಲುಗುತ್ತಿಲ್ಲ ಎಂದಳು ಅಕ್ಕ. ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ಕೋಲಾರಕ್ಕೆ ಹೋದೆವು. ಬಸ್ಸು ಕುಲುಕಿದಾಗಲೆಲ್ಲ ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಸೂಜಿಗಲ್ಲದೆ ಅವಳು ಅದನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಗುವಿನ ಎದೆಬಡಿತ ಕುಗ್ಗಿದೆ, ಈಗಲೇ ಹೊರಗೆ ತೆಗೆಯಬೇಕು ಎಂದು ಅಕ್ಕನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅಮ್ಮನನ್ನೂ ಕರೆದರು. ಯಾಕೆಂದು ಯಾರೂ ಹೇಳಲಿಲ್ಲ. ಇಬ್ಬರೂ ಉಳಿದರೆ ನಿನ್ನ ವಿಷಯದಲ್ಲಿ ಒಂದು ಸುಳ್ಳೂ ಸೇರಿಸುವುದಿಲ್ಲ ತಾಯೀ ಎಂದು ಹರಕೆ ಹೊತ್ತೆ. ಹೂವು ಹಾರಲಿಲ್ಲ ಎಂದು ಆಗಲೇ ನಿಮ್ಮ ಮುಂದೆ ಒಪ್ಪಿಕೊಂಡಿದ್ದು ಅದಕ್ಕೇ. ಇನ್ನೇನು ಮಾಡಲೂ ತೋಚದೆ, ಮುಚ್ಚಿದ ಆ ಬಾಗಿಲ ಮುಂದೆ ನಿಂತು ಸಿಳ್ಳೆ ಹೊಡೆದೆ. ನರ್ಸ್ ಬೈದರು. ಮತ್ತೆ ಹೊಡೆದೆ.

ಬಾಗಿಲು ತೆರೆದು ಅಮ್ಮ ಬಂದಳು. ತೋಳಿನಲ್ಲಿ ಬಿಳಿ ಬಟ್ಟೆಯ ಗಂಟು. ಆ ಗಂಟು ಅಳುತ್ತಿತ್ತು.

"ಸಿಳ್ಳೆ ನಿಲ್ಸೇ, ಸಾಕು. ನಿಮ್ಮಕ್ಕ ಒಳಗೆ ನಗ್ತಾವ್ಳೆ, ಡಾಕ್ಟ್ರಿಗೆ ಹೊಲಿಗೆ ಹಾಕೋಕೆ ಆಗ್ತಿಲ್ವಂತೆ."